ಗಂಗಾಳ ತೊಳೆದ ನೀರು

ಕುರುಗೋಡಿನ ಚನ್ನವೀರಮ್ಮನ ಮನೆಯಲ್ಲಿ ಉಂಡ ಗಂಗಾಳವನ್ನು ಹಾಗೇ ಬಚ್ಚಲಿಗೆ ಒಯ್ಯುವಂತಿಲ್ಲ. ಉಂಡು ಮುಗಿದ ಮೇಲೆ ಗಂಗಾಳಕ್ಕೆ ಒಂದಿಷ್ಟು ನೀರು ಹಾಕಿ, ಅಂಚಿಗೆ ಅಂಟಿದ ಅಗುಳನ್ನು ಬೆರಳಿನಿಂದ ಸವರಿ ಒಳಗೆ ತಂದು, ಒಮ್ಮೆ ತಿರುವಿ, ಎತ್ತಿ ಕುಡಿದುಬಿಡಬೇಕು. ಅಲ್ಲಿ ಉಣ್ಣುವುದು ಬರೀ ಅನ್ನವಲ್ಲ, ಪ್ರಸಾದ. ಪ್ರಸಾದದ ಒಂದು ಕಾಳೂ ಬಚ್ಚಲ ಪಾಲಾಗಬಾರದು. ಇದು ಆಕೆಯ ತವರು ಸಿರುಗುಪ್ಪದಿಂದ ಆಕೆಯ ಜೊತೆಗೇ ಬಂದ ರೂಢಿ. ಮದುವೆಯಾಗಿ ಬಂದ ಹೊಸದರಲ್ಲಿ ಮಾವನವರು ಸೊಸೆಯ ಗಂಗಾಳ ನೋಡಿ, ಈ ಹುಡುಗಿ ನಮ್ಮ ಮನೆ ತುಂಬಿಸುತ್ತಾಳೆ ಅಂದಿದ್ದರಂತೆ. ಆ ಮಾತನ್ನು ಆಕೆ ಈಗಲೂ ಕೇಳಿದವರಿಗೂ ಹೇಳುತ್ತಾಳೆ, ಕೇಳದವರಿಗೂ ಹೇಳುತ್ತಾಳೆ.

ಮಗ ದೊಡ್ಡಬಸವರಾಜ ಊರಲ್ಲೇ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಅವ್ವ ಎದುರಿಗಿದ್ದರೆ ಗಂಗಾಳಕ್ಕೆ ನೀರು ಹಾಕುತ್ತಾನೆ, ಇಲ್ಲದಿದ್ದರೆ ಫೋನು ಕಿವಿಗಿಟ್ಟುಕೊಂಡು ಎದ್ದು ಹೋಗುತ್ತಾನೆ. ಸೊಸೆ ರಶ್ಮಿಯದು ಬೇರೆ ಕಥೆ. ಬಳ್ಳಾರಿ ಪೇಟೆಯಲ್ಲಿ ಹುಟ್ಟಿ ಬೆಳೆದು ಬಿ.ಕಾಂ. ಮಾಡಿದವಳು. ಅವಳ ತವರಿನವರೂ ಲಿಂಗವಂತರೇ, ಆದರೆ ಗಂಗಾಳ ತೊಳೆದು ಕುಡಿಯುವುದು ಆ ಮನೆಯಲ್ಲಿ ಅವಳ ಅಜ್ಜಿಯ ಕಾಲಕ್ಕೇ ಮುಗಿದುಹೋಗಿತ್ತು. ಮದುವೆಯಾದ ಹೊಸದರಲ್ಲಿ ಪಾಪ, ಅತ್ತೆಯ ಮನಸ್ಸು ನೋಯಬಾರದೆಂದು ಕಣ್ಣು ಮುಚ್ಚಿಕೊಂಡು ಕುಡಿಯಲು ನೋಡಿದಳು. ಸಾರಿನ ಎಣ್ಣೆ ತೇಲುತ್ತಿದ್ದ ಆ ನೀರು ಗಂಟಲಲ್ಲಿ ಇಳಿಯಲೊಲ್ಲದು. ಎದ್ದು ಬಚ್ಚಲಿಗೆ ಓಡಿದಳು. ಚನ್ನವೀರಮ್ಮ ಎಷ್ಟೋ ದಿನ ಮುಖ ಗಂಟು ಹಾಕಿಕೊಂಡು ಓಡಾಡಿದಳು. ಕೊನೆಗೆ ಅತ್ತೆ ಕೇಳುವುದನ್ನು ಬಿಟ್ಟಳು, ಸೊಸೆ ಹೇಳುವುದನ್ನು ಬಿಟ್ಟಳು. ಉಳಿದೆಲ್ಲದರಲ್ಲೂ ಹೊಂದಿಕೊಂಡು ಹೋದ ಇಬ್ಬರ ನಡುವೆ ಆ ಗಂಗಾಳವೊಂದು ಹೊಲದ ಗಡಿಗಲ್ಲಿನ ಹಾಗೆ ನಿಂತುಬಿಟ್ಟಿತು.

ಆದರೆ ಮೊಮ್ಮಗಳು ಗಂಗೋತ್ರಿ ಉಣ್ಣಲು ಕಲಿತದ್ದು ಅಜ್ಜಿಯ ಪಕ್ಕದಲ್ಲಿ. ಯಾರೂ ಕಲಿಸಲಿಲ್ಲ, ಯಾರೂ ಗದರಿಸಲಿಲ್ಲ. ಅಜ್ಜಿ ನೀರು ಹಾಕಿದರೆ ತಾನೂ ನೀರು ಹಾಕುವಳು, ಅಜ್ಜಿ ತಿರುವಿದರೆ ತಾನೂ ತಿರುವುವಳು. ಎತ್ತಿ ಕುಡಿದು, ಖಾಲಿ ಗಂಗಾಳವನ್ನು ಅಜ್ಜಿಯ ಮುಖದ ಮುಂದೆ ಹಿಡಿದು, "ನೋಡು, ನನ್ನ ಮಾರಿ ಕಾಣತೈತಿ" ಅನ್ನುವಳು. ಚನ್ನವೀರಮ್ಮನಿಗೆ ಆಗ ಆಗುತ್ತಿದ್ದ ಹಿಗ್ಗು ಇಷ್ಟಿಷ್ಟಲ್ಲ. ಮಗನಲ್ಲಿ ಅರ್ಧಕ್ಕೆ ನಿಂತದ್ದು, ಸೊಸೆಯಲ್ಲಿ ಶುರುವೇ ಆಗದ್ದು ಈ ಕೂಸಿನಲ್ಲಿ ಚಿಗುರಿದೆಯಲ್ಲ ಎಂದು ಮನಸ್ಸಿನಲ್ಲೇ ದೃಷ್ಟಿ ತೆಗೆಯುವಳು.

ಈ ವರ್ಷ ಗಂಗೋತ್ರಿ ಒಂದನೇ ಇಯತ್ತೆಗೆ ಬಂದಳು. ಯಾವ ಶಾಲೆ ಎಂಬ ಮಾತು ಎದ್ದದ್ದೇ ತಡ, ಮನೆಯಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯತೊಡಗಿತು. ದೊಡ್ಡಬಸವರಾಜನಿಗೆ ಬಳ್ಳಾರಿಯ ಹೊರಗೆ ಹೊಸದಾಗಿ ಎದ್ದಿದ್ದ ದೊಡ್ಡ ಶಾಲೆಯ ಮೇಲೆ ಕಣ್ಣು. ಆಂಧ್ರದ ಕಡೆಯವರು ಕಟ್ಟಿಸಿದ್ದು; ಗಾಜಿನ ಗೋಡೆ, ಲಿಫ್ಟು, ಒಂದನೇ ಇಯತ್ತೆಯಿಂದಲೇ ಇಂಜಿನಿಯರಿಂಗ್ ತಯಾರಿ. ಅಂಗಡಿಗೆ ಬರುವ ರೈತರೆಲ್ಲ ಅದರದೇ ಮಾತಾಡುತ್ತಿದ್ದರು. ರಶ್ಮಿಗೆ ಬೇಕಾದದ್ದು ಕಂಟೋನ್ಮೆಂಟ್ ಕಡೆಯ ಹಳೆಯ ಕಾನ್ವೆಂಟು. ಸಣ್ಣವಳಿದ್ದಾಗ ಅದರ ಕಾಂಪೌಂಡಿನ ಪಕ್ಕದಲ್ಲೇ ಬೇರೆ ಶಾಲೆಗೆ ನಡೆದು ಹೋಗುತ್ತಿದ್ದವಳು ಅವಳು. ಒಳಗಿನಿಂದ ಮಕ್ಕಳು ಹಾಡುವುದು ಕೇಳುತ್ತಿತ್ತು, ಬಿಳಿ ಸೀರೆಯ ಸಿಸ್ಟರುಗಳು ಮಕ್ಕಳ ಜೊತೆ ಅಂಗಳದಲ್ಲಿ ಓಡುವುದು ಕಾಣುತ್ತಿತ್ತು. ಏಳನೇ ಇಯತ್ತೆಯವರೆಗೆ ಅಲ್ಲಿ ಓದಿದ ಹುಡುಗಿಯರು ಯಾರ ಮುಂದೆಯೂ ತಲೆ ಎತ್ತಿ ಮಾತಾಡುತ್ತಾರೆ, ಅದೊಂದು ನನ್ನ ಮಗಳಿಗೆ ಬಂದರೆ ಸಾಕು ಎಂಬುದು ಅವಳ ಹಟ.

ಚನ್ನವೀರಮ್ಮನಿಗೆ ಎರಡೂ ಬೇಡ. ಊರಲ್ಲೇ ಶಾಲೆ ಇರುವಾಗ ಕೂಸನ್ನು ದಿನಾ ಬಳ್ಳಾರಿಗೆ ವ್ಯಾನಿನಲ್ಲಿ ತುಂಬಿ ಕಳಿಸುವುದೇಕೆ? ಅದರಲ್ಲೂ ಕಾನ್ವೆಂಟೆಂದರೆ ಆಕೆಗೆ ಎದೆಯಲ್ಲಿ ಅಳುಕು. ಅಲ್ಲಿ ಹಣೆಯ ವಿಭೂತಿ ಒರೆಸುತ್ತಾರೆ, ಕೊರಳಿಗೆ ಶಿಲುಬೆ ಹಾಕುತ್ತಾರೆ ಎಂದು ಯಾರೋ ಎಂದೋ ಹೇಳಿದ್ದು ಕಿವಿಯಲ್ಲಿ ಕೂತುಬಿಟ್ಟಿತ್ತು. ಯಾರು ನೋಡಿದ್ದು ಎಂದು ರಶ್ಮಿ ಕೇಳಿದರೆ ಚನ್ನವೀರಮ್ಮ ಧ್ವನಿ ಏರಿಸುತ್ತಾಳೆ, ಅದು ಆಕೆಯ ಹಳೆಯ ಹತಾರ.

ಮೊದಲು ಗಾಜಿನ ಗೋಡೆಯ ಶಾಲೆಗೇ ಹೋಗಿ ಬಂದರು. ಮಗ, ಸೊಸೆ, ಕೂಸು ಮೂವರೇ ಹೋದದ್ದು. ಅಲ್ಲಿ ಹೊಸ ಮಕ್ಕಳನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ, ಆಟ ಆಡಿಸಿ, ಪ್ರಶ್ನೆ ಕೇಳಿ, ನಡುವೆ ಉಪ್ಪಿಟ್ಟು ಕೊಟ್ಟರಂತೆ. ಗಂಗೋತ್ರಿ ಎಲ್ಲಕ್ಕೂ ಪಟಪಟ ಉತ್ತರ ಹೇಳಿದಳು. ಉಪ್ಪಿಟ್ಟು ತಿಂದಳು. ತಿಂದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸವರಿ, ತಿರುವಿ ಕುಡಿದುಬಿಟ್ಟಳು. ಕೂತ ಮಕ್ಕಳೆಲ್ಲ ಛೀ ಅಂದು ಮೂಗು ಮುಚ್ಚಿಕೊಂಡವು. ಅಷ್ಟಾಗಿದ್ದರೆ ಮಕ್ಕಳ ಮಾತು, ಬಿಡಬಹುದಿತ್ತು. ಅಲ್ಲಿನ ಮೇಡಂ ರಶ್ಮಿಯನ್ನು ಪಕ್ಕಕ್ಕೆ ಕರೆದು, ಹುಡುಗಿ ಜಾಣೆ ಇದ್ದಾಳೆ, ಸೀಟು ಕೊಡುತ್ತೇವೆ, ಆದರೆ ಇಂಥ ಗಲೀಜು ಅಭ್ಯಾಸ ಬಿಡಿಸಿ ಕರೆದುಕೊಂಡು ಬನ್ನಿ ಎಂದು ನಗುನಗುತ್ತಲೇ ಹೇಳಿದಳು. ರಶ್ಮಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಾರು ಹತ್ತಿದವಳೇ ಮಗಳಿಗೆ ಕಟ್ಟುನಿಟ್ಟಾಗಿ ಹೇಳಿಬಿಟ್ಟಳು: ಮನೆಯಲ್ಲಿ ಏನಾದರೂ ಮಾಡಿಕೋ, ಹೊರಗೆ ಹೋದಾಗ ತಟ್ಟೆ ತೊಳೆದು ಕುಡಿಯಬಾರದು.

ಗಂಗೋತ್ರಿ ಮನೆಗೆ ಬಂದವಳು ನೇರ ಅಜ್ಜಿಯ ಹತ್ತಿರ ಹೋದಳು. ಚನ್ನವೀರಮ್ಮ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಅಜ್ಜಿ, ಮನ್ಯಾಗ ಉಣ್ಣೋದು ಅಷ್ಟ ಪ್ರಸಾದ ಏನು?"

"ಯಾರವಾ ಹಂಗಂದಾರು? ಎಲ್ಲಾ ಕಡಿದೂ ಪ್ರಸಾದನ. ಅನ್ನ ಎಲ್ಲಿದ್ರೂ ಅನ್ನನ."

"ಮತ್ತ ನೀ ಹೊರಗ ಏನೂ ತಿನ್ನಂಗಿಲ್ಲಲ್ಲ, ಯಾಕ?"

ಚನ್ನವೀರಮ್ಮನ ಕೈ ಮೊರದಲ್ಲೇ ನಿಂತಿತು. ಕೂಸು ಕೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆಕೆ ಪರಸ್ಥಳಕ್ಕೆ ಹೋದರೆ ತನ್ನ ತಾಮ್ರದ ತಂಬಿಗೆಯಲ್ಲಿ ಮನೆಯ ನೀರು ಒಯ್ಯುವವಳು. ಲಿಂಗವಿಲ್ಲದವರ ಮನೆಯಲ್ಲಿ ಹನಿ ನೀರೂ ಮುಟ್ಟಿದವಳಲ್ಲ. ಹೋಟೆಲಿನ ಹೊಸ್ತಿಲು ತುಳಿದವಳಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಹೇಳಹೊರಟು ನಡುವೆಯೇ ಬಿಟ್ಟಳು. ಸಂಬಂಧ ಇತ್ತು. ಹೋಗಿ ಕೈಕಾಲು ತೊಳಕೋ ಎಂದು ಕೂಸನ್ನು ಸಾಗಹಾಕಿದಳು.

ಆದರೆ ಮೇಡಂ ಆಡಿದ ಮಾತು ರಶ್ಮಿಯ ಬಾಯಿಂದ ಹೊರಬಿದ್ದಾಗ ಮನೆ ನಡುಗಿತು. ಗಲೀಜು ಅಂದಳಾ? ಮುಸುರೆಗೆ ಹಿಡಿ ಹಿಡಿ ಅನ್ನ ಚೆಲ್ಲುವುದು ನಾಜೂಕು, ಅಗುಳು ಉಳಿಸದೆ ಉಣ್ಣುವುದು ಗಲೀಜಾ? ಚನ್ನವೀರಮ್ಮ ಮಗನನ್ನೂ ಬಿಡಲಿಲ್ಲ, ಆ ಶಾಲೆ ಕಟ್ಟಿದವರನ್ನೂ ಬಿಡಲಿಲ್ಲ, ಅವರ ಲಿಫ್ಟನ್ನೂ ಬಿಡಲಿಲ್ಲ. ದೊಡ್ಡಬಸವರಾಜ ಅಡ್ಡಗೋಡೆಯ ಮೇಲೆ ದೀಪ ಇಟ್ಟವನಂತೆ, ಅವರದೂ ಸರಿ ನಮ್ಮದೂ ಸರಿ ಎಂದು ಏನೋ ಗೊಣಗಿ ಅಂಗಡಿಯ ದಾರಿ ಹಿಡಿದ. ಆ ಶಾಲೆಯ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ಕಾನ್ವೆಂಟು. ಅಲ್ಲಿಗೆ ತಾನೇ ಬರುತ್ತೇನೆ ಎಂದು ಚನ್ನವೀರಮ್ಮ ಸಾರಿದಳು. ರಶ್ಮಿಗೆ ಇದು ಅತ್ತ ದರಿ ಇತ್ತ ಹುಲಿ. ಬೇಡ ಅಂದರೆ ಶಾಲೆಯೇ ತಪ್ಪುತ್ತದೆ, ಬನ್ನಿ ಅಂದರೆ ಅಲ್ಲಿ ಏನು ಮಾತು ತೆಗೆಯುತ್ತಾರೋ. ಕೊನೆಗೆ ಒಂದು ಮಾತು ತೆಗೆದುಕೊಂಡಳು: ಅತ್ತೆ ಅಲ್ಲಿ ಬಾಯಿ ಬಿಡಬಾರದು. ಚನ್ನವೀರಮ್ಮ ಒಪ್ಪಿದಳು. ಆಕೆ ಇಷ್ಟು ಸಲೀಸಾಗಿ ಒಪ್ಪಿದ್ದು ಕಂಡು ರಶ್ಮಿ ಆಗಲೇ ಹೆದರಬೇಕಿತ್ತು.

ಕಾನ್ವೆಂಟಿನಲ್ಲಿ ಹೊಸ ಮಕ್ಕಳು ಬೆಳಗಿನ ಹೊತ್ತು ಅಲ್ಲೇ ಇರಬೇಕು, ಮನೆಯಿಂದ ಡಬ್ಬಿ ತರಬೇಕು ಎಂದು ಹೇಳಿ ಕಳಿಸಿದ್ದರು. ರಶ್ಮಿ ಬಹಳ ಯೋಚನೆ ಮಾಡಿ ಡಬ್ಬಿಗೆ ಒಣ ಚಪಾತಿ, ಬೆಲ್ಲ ಹಾಕಿದಳು. ಚಪಾತಿ ತಿಂದರೆ ಡಬ್ಬಿಯಲ್ಲಿ ತೊಳೆಯಲು ಏನೂ ಉಳಿಯುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳು ಸೀರೆ ಉಡಲು ಒಳಗೆ ಹೋದಳೋ ಇಲ್ಲವೋ, ಚನ್ನವೀರಮ್ಮ ಚಪಾತಿಯನ್ನು ತೆಗೆದಿಟ್ಟು ಡಬ್ಬಿಯ ತುಂಬ ಮೊಸರನ್ನ ಒತ್ತಿದಳು. ಸಾಸಿವೆ, ಕರಿಬೇವಿನ ಒಗ್ಗರಣೆಯನ್ನೂ ಮರೆಯಲಿಲ್ಲ. ಪರೀಕ್ಷೆ ತಗೊಳ್ಳುವವರು ಅವರೊಬ್ಬರೇ ಏನು? ಮೊಸರನ್ನಕ್ಕಿಂತ ಅಂಟಿಕೊಳ್ಳುವ ಅನ್ನ ಈ ಲೋಕದಲ್ಲಿಲ್ಲ. ಕೂಸು ಡಬ್ಬಿ ತೊಳೆದು ಕುಡಿಯಲಿ, ಆಗ ಅವರ ಮುಖ ನೋಡೋಣ. ಒಂದು ನಗೆ ಕಂಡರೂ ಕೂಸನ್ನು ಎತ್ತಿಕೊಂಡು ಕುರುಗೋಡಿನ ಬಸ್ಸು ಹತ್ತುವುದೇ. ಇಷ್ಟು ಲೆಕ್ಕ ಹಾಕಿ, ಹಣೆಗೆ ಮೂರು ಬೆರಳ ವಿಭೂತಿ ಎಳೆದುಕೊಂಡು, ಮೊಮ್ಮಗಳ ಹಣೆಗೂ ಬೇಕೆಂದೇ ದಪ್ಪಗೆ ಎಳೆದು, ತಾಮ್ರದ ತಂಬಿಗೆ ಹಿಡಿದು ಹೊರಟಳು.

ದೊಡ್ಡಬಸವರಾಜ ಅವರನ್ನು ಗೇಟಿನ ಮುಂದೆ ಇಳಿಸಿ, ಗೊಬ್ಬರದ ಲಾರಿ ಬರುವುದಿದೆ ಎಂದು ಜಾರಿಕೊಂಡ. ಒಳಗೆ ದೊಡ್ಡ ಬೇವಿನ ಮರ, ನೀರು ಚಿಮುಕಿಸಿ ಗುಡಿಸಿದ ಅಂಗಳ. ಶಿಲುಬೆ ಇತ್ತು, ಎತ್ತರದಲ್ಲಿ. ಚನ್ನವೀರಮ್ಮ ಅದನ್ನು ಒಮ್ಮೆ ನೋಡಿ, ಸೆರಗಿನೊಳಗಿನ ತನ್ನ ಲಿಂಗವನ್ನು ಮುಟ್ಟಿಕೊಂಡಳು. ದಾರಿಯಲ್ಲಿ ಸಿಕ್ಕ ಮಕ್ಕಳು ಕೈ ಮುಗಿದವು. ಒಬ್ಬ ಹುಡುಗನ ಹಣೆಯಲ್ಲೂ ವಿಭೂತಿ ಇದ್ದದ್ದು ಕಂಡಿತು. ಅದು ಆಕೆಗೆ ಸ್ವಲ್ಪ ನಿರಾಸೆಯನ್ನೇ ತಂದಿತು. ಜಗಳಕ್ಕೆ ಇಟ್ಟುಕೊಂಡಿದ್ದ ಒಂದು ಕಾರಣ ಬಾಗಿಲಲ್ಲೇ ಹೋಯಿತಲ್ಲ.

ಹೆಡ್ ಮಿಸ್ಟ್ರೆಸ್ ಸಿಸ್ಟರ್ ಶೀಲಾ ಅರವತ್ತರ ಆಚೀಚೆಯ ಹೆಂಗಸು. ದಪ್ಪ ಕನ್ನಡಕ, ಬಿಳಿ ಸೀರೆ. ಇಂಗ್ಲಿಷಿನಲ್ಲಿ ಮಾತು ಶುರುವಾಗುತ್ತದೆಂದು ರಶ್ಮಿ ತಯಾರಾಗಿ ಕೂತಿದ್ದರೆ, ಸಿಸ್ಟರ್ ಬಾಯಿ ತೆಗೆದದ್ದೇ, "ಬರ್ರಿ, ಕುಂದರ್ರಿ, ಬಿಸಲಾಗ ಬಂದೀರಿ" ಎಂದು. ಅವರದು ಇಲ್ಲೇ ಕೌಲ್ ಬಜಾರಿನ ಮನೆತನವಂತೆ. ತಾತ ಬ್ರಿಟಿಷರ ದಂಡು ಇಲ್ಲಿದ್ದ ಕಾಲದಲ್ಲಿ ಬಂದು ನೆಲೆಸಿದವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಗಂಗೋತ್ರಿಯ ಜೊತೆ ಮೂರರಲ್ಲೂ ಮಾತಾಡಿದರು. ಗಂಗೋತ್ರಿ ಎರಡರಲ್ಲಿ ಉತ್ತರ ಹೇಳಿ, ಮೂರನೆಯದಕ್ಕೆ ಸುಮ್ಮನೆ ನಕ್ಕಳು.

ಡಬ್ಬಿ ತಿನ್ನುವ ಹೊತ್ತಾಯಿತು. ಹೊಸ ಮಕ್ಕಳನ್ನೆಲ್ಲ ವರಾಂಡದಲ್ಲಿ ಉದ್ದನೆಯ ಚಾಪೆಯ ಮೇಲೆ ಕೂರಿಸಿದರು. ತಂದೆತಾಯಿಗಳು ಎದುರಿನ ಬೆಂಚಿನ ಮೇಲೆ. ಗಂಗೋತ್ರಿ ಡಬ್ಬಿ ತೆಗೆದಳು. ಒಳಗೆ ಬೆಳ್ಳಗೆ ಮೊಸರನ್ನ ಕಂಡದ್ದೇ ರಶ್ಮಿ ಗಕ್ಕನೆ ಅತ್ತೆಯ ಕಡೆ ತಿರುಗಿದಳು. ಚನ್ನವೀರಮ್ಮ ಬೇವಿನ ಮರವನ್ನು ನೋಡುತ್ತಾ ಕೂತಿದ್ದಳು.

ಕೂಸು ನಿಧಾನವಾಗಿ, ಪ್ರೀತಿಯಿಂದ ಉಂಡಿತು. ಮುಗಿಯಿತು. ಡಬ್ಬಿಯ ಗೋಡೆಗೆಲ್ಲ ಅಗುಳು, ಮೊಸರು. ಗಂಗೋತ್ರಿಯ ಕೈ ನೀರಿನ ಬಾಟಲಿಗೆ ಹೋಯಿತು, ಅಲ್ಲೇ ನಿಂತಿತು. ತಲೆ ಎತ್ತಿ ಅಮ್ಮನನ್ನು ನೋಡಿದಳು. ರಶ್ಮಿ ಮಗಳಿಗೆ ಕಾಣುವಷ್ಟೇ, ಬೇಡ ಎಂದು ತಲೆ ಅಲ್ಲಾಡಿಸಿದಳು. ಗಂಗೋತ್ರಿ ಅಜ್ಜಿಯನ್ನು ನೋಡಿದಳು. ಚನ್ನವೀರಮ್ಮನಿಗೆ ಆಗ ತಾನು ಏನು ಮಾಡಿಟ್ಟಿದ್ದೇನೆ ಎಂಬುದು ತಿಳಿಯಿತು. ಶಾಲೆಗೆ ಪರೀಕ್ಷೆ ಎಂದುಕೊಂಡಿದ್ದಳು. ಬಲೆಗೆ ಬಿದ್ದದ್ದು ಕೂಸು. ಕುಡಿದರೆ ಅಮ್ಮನ ಮಾತು ಮುರಿದಂತೆ, ಬಿಟ್ಟರೆ ಅಜ್ಜಿಯ ಮಾತು ಮುರಿದಂತೆ. ಗಂಗೋತ್ರಿ ಮುಚ್ಚಳ ಹಾಕಿದಳು. ಹಾಕಿದ ಮುಚ್ಚಳದ ಮೇಲೆ ಎರಡೂ ಕೈ ಇಟ್ಟುಕೊಂಡು ತಲೆ ಬಗ್ಗಿಸಿ ಕೂತಳು.

ಸಿಸ್ಟರ್ ಶೀಲಾ ಸಾಲಿನುದ್ದಕ್ಕೂ ನೋಡುತ್ತಾ ಬಂದವರು ಅವಳ ಮುಂದೆ ನಿಂತರು. ಡಬ್ಬಿ ತೆಗೆಸಿ ನೋಡಿ, ಇನ್ನೂ ಅನ್ನ ಉಳಿದಿದೆಯಲ್ಲ ಮಗಾ, ಇಲ್ಲಿ ನಾವು ಬಿಡುವುದಿಲ್ಲ ಅಂದರು.

"ನಾವೂ ಬಿಡಂಗಿಲ್ಲ ಸಿಸ್ಟರ್. ನೀರು ಹಾಕಿ ಕುಡಿತೀವಿ. ಆದ್ರ ಅಮ್ಮ ಹೊರಗ ಕುಡಿಬ್ಯಾಡ ಅಂದಾಳ."

ಒಂದಿಬ್ಬರು ತಾಯಂದಿರು ಮುಖ ಮುಖ ನೋಡಿಕೊಂಡರು. ರಶ್ಮಿಯ ಮುಖ ಕೆಂಪಾಗಿ ಕಿವಿಯವರೆಗೆ ಹಬ್ಬಿತು. ಚನ್ನವೀರಮ್ಮ ತಂಬಿಗೆಯ ಕೊರಳನ್ನು ಬಿಗಿಯಾಗಿ ಹಿಡಿದುಕೊಂಡಳು. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದಳು, ಇಲ್ಲದಿದ್ದರೆ ಅಷ್ಟರಲ್ಲಿ ಎದ್ದುಬಿಡುತ್ತಿದ್ದಳು.

ಸಿಸ್ಟರ್ ಸೀರೆ ಮುದುರಿಕೊಂಡು ಚಾಪೆಯ ಮೇಲೇ ಕೂತರು. ಯಾಕೆ ಕುಡಿಯುತ್ತೀರಿ ಎಂದು ಕೇಳಿದರು. ನಗದೆ, ಗೊತ್ತಿಲ್ಲದವರು ಕೇಳುವ ಹಾಗೆ.

"ಅದು ಪ್ರಸಾದ. ಬಚ್ಚಲಕ್ಕ ಹೋಗಬಾರದು. ಬೆಳದವರಿಗೂ ಮಾಡಿದವರಿಗೂ ಬ್ಯಾಸರ ಆಗತೈತಿ. ದೇವರಿಗೂ ಆಗತೈತಿ."

ಕೊನೆಯ ಮಾತು ಚನ್ನವೀರಮ್ಮ ಹೇಳಿಕೊಟ್ಟದ್ದಲ್ಲ. ಅದು ಕೂಸು ತಾನೇ ಸೇರಿಸಿದ್ದು. ಆಕೆಗೆ ಕಣ್ಣು ತುಂಬಿ ಬಂದವು, ಎದೆ ಉಬ್ಬಿತು. ಸೀಟು ಸಿಕ್ಕರೆ ಸಿಗಲಿ ಬಿಟ್ಟರೆ ಬಿಡಲಿ, ಇದನ್ನು ಇಷ್ಟು ಜನರ ನಡುವೆ ತಲೆ ಎತ್ತಿ ಹೇಳಿತಲ್ಲ ನನ್ನ ಕೂಸು, ಇಷ್ಟು ಸಾಕು ಅಂದುಕೊಂಡಳು.

ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಬೆಂಚಿನ ಕಡೆ ತಿರುಗಿ, ನೇರ ಚನ್ನವೀರಮ್ಮನಿಗೇ ಹೇಳಿದರು.

"ಅಮ್ಮಾ, ನಮ್ಮ ಗುಡ್ಯಾಗ ಪೂಜಿ ಆದ ಮ್ಯಾಲೆ ಫಾದರ್ ಇದನ್ನ ಮಾಡ್ತಾರ. ಪ್ರಸಾದದ ಬಟ್ಟಲಕ್ಕ ನೀರು ಹಾಕಿ, ತಿರುವಿ, ಎಲ್ಲಾರ ಮುಂದ ಕುಡಿತಾರ. ಒಂದು ಹನಿ ಚೆಲ್ಲಂಗಿಲ್ಲ."

ಚನ್ನವೀರಮ್ಮ ಕೊಟ್ಟ ಮಾತು ಗಾಳಿಗೆ ಹೋಯಿತು. ಈ ವಿಷಯದಲ್ಲಿ ಯಾರನ್ನೂ ಬಾಯಿಮಾತಿಗೆ ನಂಬುವವಳಲ್ಲ ಆಕೆ. ಬರೀ ಬಟ್ಟಲೋ, ತಟ್ಟೆಯೂ ಉಂಟೋ ಎಂದು ಕೇಳಿದಳು. ತಟ್ಟೆಯೂ ಉಂಟು, ತಟ್ಟೆಯ ಮೇಲಿನ ಚೂರನ್ನು ಬಟ್ಟಲಿಗೆ ಒರೆಸಿ ಹಾಕುತ್ತಾರೆ ಎಂದರು ಸಿಸ್ಟರ್. ಅಂಚಿಗೆ ಅಂಟಿದ್ದು? ಅದನ್ನೂ ಸವರುತ್ತಾರೆ. ಮತ್ತೆ ಬೆರಳಿಗೆ ಹತ್ತಿದ್ದು?

"ಬೆರಳು ಆ ಬಟ್ಟಲದಾಗ ತೊಳಕೊಂಡು ಆ ನೀರೂ ಕುಡಿತಾರಮ್ಮಾ. ನಾ ಸಣ್ಣಾಕಿದ್ದಾಗ ಅದನ್ನ ನೋಡಿ ಕಿಸಕ್ಕಂತ ನಕ್ಕಿದ್ದೆ. ನಮ್ಮವ್ವ ಗುಡ್ಯಾಗನ ತಲಿಮ್ಯಾಲೆ ಒಂದು ಕೊಟ್ಟಳು."

ಬೆರಳೂ ತೊಳೆದು ಕುಡಿಯುತ್ತಾರೆ. ಚನ್ನವೀರಮ್ಮ ತವರಿನಲ್ಲಿ ತನ್ನ ಮುತ್ತಜ್ಜ ಬೆರಳು ತೊಳೆದು ಕುಡಿಯುತ್ತಿದ್ದರೆಂದು ಕೇಳಿದ್ದಳು. ತಾನೇ ಅಷ್ಟು ಮಾಡುತ್ತಿರಲಿಲ್ಲ. "ಹಂಗಂದ್ರ ಅವರು ಬಲ್ಲವರು" ಅಂದಳು ಕೊನೆಗೆ. ಆಕೆಯ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಬರುವಂತಿರಲಿಲ್ಲ.

ಸಿಸ್ಟರ್ ಪಕ್ಕದ ಹೂಜಿಯಿಂದ ಗಂಗೋತ್ರಿಯ ಡಬ್ಬಿಗೆ ತಾವೇ ನೀರು ಹಾಕಿದರು. ಗಂಗೋತ್ರಿ ಅಮ್ಮನನ್ನು ನೋಡಿದಳು. ಈ ಸಲ ರಶ್ಮಿ ತಲೆ ಅಲ್ಲಾಡಿಸಲಿಲ್ಲ. ಕಣ್ಣು ತುಂಬಿಕೊಂಡು, ಕುಡಿ ಎಂದು ಕೈ ಮಾಡಿದಳು. ಕೂಸು ಬೆರಳಿನಿಂದ ಸವರಿ, ತಿರುವಿ, ಎತ್ತಿ ಗಟಗಟ ಕುಡಿದು, ಡಬ್ಬಿಯ ತಳವನ್ನು ಸಿಸ್ಟರ್ ಮುಖದ ಮುಂದೆ ಹಿಡಿಯಿತು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಿಸ್ಟರ್ ಆ ಕಡೆ ನೋಡಿ, ಇನ್ನೊಬ್ಬರ ಅನ್ನಕ್ಕೆ ನಗಬಾರದು ಎಂದಷ್ಟೇ ಹೇಳಿದರು.

ಆಮೇಲೆ ಮೂವರನ್ನೂ ಕೋಣೆಗೆ ಕರೆದುಕೊಂಡು ಹೋದರು. ರಶ್ಮಿ ಕೂರುವ ಮೊದಲೇ, ತಪ್ಪು ತನ್ನದು, ಮಗಳಿಗೆ ಬೇಡ ಅಂದವಳು ತಾನು, ಜನ ನಗುತ್ತಾರೆಂದು ಹೆದರಿ ಹಾಗೆ ಹೇಳಿದೆ ಎಂದು ಗಡಬಡಿಸಿ ಹೇಳತೊಡಗಿದಳು. ಸೊಸೆ ಹೀಗೆ ತಪ್ಪೊಪ್ಪಿಕೊಳ್ಳುವುದನ್ನು ಕೇಳಬೇಕೆಂದು ಚನ್ನವೀರಮ್ಮ ಎಷ್ಟು ವರ್ಷದಿಂದ ಕಾದಿದ್ದಳೋ. ಈಗ ಕೇಳಿದಾಗ ಯಾಕೋ ರುಚಿಸಲಿಲ್ಲ. ರಶ್ಮಿ ಹಟ ಹಿಡಿದಾಗೆಲ್ಲ ಹೇಳುತ್ತಿದ್ದ, ಕಾಂಪೌಂಡಿನ ಹೊರಗೆ ಹಾಡು ಕೇಳುತ್ತಾ ನಡೆದ ಆ ಸಣ್ಣ ಹುಡುಗಿ ಕಣ್ಣ ಮುಂದೆ ಬಂದಳು.

"ಆಕಿದೇನೂ ತಪ್ಪಿಲ್ಲ ಸಿಸ್ಟರಮ್ಮ. ಆಕಿ ಚಪಾತಿ ಕಟ್ಟಿದ್ದಳು, ಡಬ್ಬಿ ಬದಲಿ ಮಾಡಿದಾಕಿ ನಾನು. ಮಗ ಒಂದು ಅಂದ, ನಾ ಒಂದು ಅಂದೆ. ಈ ಸಾಲಿ ಆರಿಸಿದಾಕಿ ನನ್ನ ಸೊಸಿ."

ನನ್ನ ಸೊಸೆ ಎಂಬ ಮಾತನ್ನು ಆಕೆ ಎಷ್ಟು ಒತ್ತಿ ಹೇಳಿದಳೆಂದರೆ ರಶ್ಮಿ ತಲೆ ಎತ್ತಿ ಅತ್ತೆಯನ್ನೇ ನೋಡಿದಳು. ಸಿಸ್ಟರ್ ನಕ್ಕರು. ನಕ್ಕು, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ ಅಂದರು: ಇಲ್ಲಿ ಯಾರೂ ನಗುವುದಿಲ್ಲ ಎಂದು ನಾನು ಹೇಳಲಾರೆ. ಮಕ್ಕಳು ಮಕ್ಕಳೇ, ನಗುತ್ತವೆ. ನಕ್ಕಾಗ ಕೂರಿಸಿಕೊಂಡು ಕಾರಣ ಹೇಳುವುದಷ್ಟೇ ನಮ್ಮ ಕೈಲಾಗುವುದು.

"ನಾ ಹೇಳ್ತೀನಿ ಬಿಡ್ರಿ" ಅಂದಳು ಗಂಗೋತ್ರಿ.

"ಆತು ಮತ್ತ. ಸೀಟು ಕೊಡೋದು ನಮ್ಮ ಕೈಯಾಗ ಐತಿ, ಕೊಟ್ಟೀವಿ. ಸಾಲಿ ಆರಿಸೋದು ನಿಮ್ಮ ಕೈಯಾಗ ಐತಿ. ಮನಿಗೆ ಹೋಗಿ ಮಾತಾಡಿಕೊಂಡು ಹೇಳ್ರಿ."

ಅಷ್ಟರಲ್ಲಿ ಆಯಾ ಚಹಾ ತಂದು ಮೇಜಿನ ಮೇಲಿಟ್ಟಳು. ರಶ್ಮಿಗೆ ಪೀಕಲಾಟ ಶುರುವಾಯಿತು. ಇಷ್ಟೆಲ್ಲ ಸುಸೂತ್ರ ಆದ ಮೇಲೆ ಈಗ ಅತ್ತೆ ಚಹಾ ಒಲ್ಲೆ ಅಂದರೆ ಇವರಿಗೆ ಏನನ್ನಿಸೀತು? ತನ್ನ ಅತ್ತೆಗೆ ಹೊರಗಿನದು ಆಗಿಬರುವುದಿಲ್ಲ, ಪಥ್ಯ ಇದೆ ಎಂದು ಏನೋ ಒಂದು ಸುಳ್ಳು ಹೆಣೆಯತೊಡಗಿದಳು. ಸಿಸ್ಟರ್ ಕೂಡ ಚನ್ನವೀರಮ್ಮನ ತಂಬಿಗೆಯನ್ನು ಆಗಲೇ ಕಂಡಿದ್ದರು. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವರಿಗೆ ಆ ತಂಬಿಗೆ ಏನು ಹೇಳುತ್ತದೆಂದು ಗೊತ್ತಿಲ್ಲದೆ ಇರುತ್ತದೆಯೇ. ಇರಲಿ ಬಿಡಿ, ಒತ್ತಾಯ ಇಲ್ಲ ಎಂದು ಕಪ್ಪನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಹೋದರು.

ಚನ್ನವೀರಮ್ಮ ಕೈ ಅಡ್ಡ ಇಟ್ಟಳು. ಮೊಮ್ಮಗಳು ತನ್ನನ್ನೇ ನೋಡುತ್ತಿದ್ದದ್ದು ಆಕೆಗೆ ಗೊತ್ತಿತ್ತು. ಮೊರದ ಮುಂದೆ ಉತ್ತರ ಸಿಗದೆ ಉಳಿದ ಪ್ರಶ್ನೆ ಆ ಕಣ್ಣಲ್ಲಿ ಹಾಗೇ ಇತ್ತು. ಅನ್ನ ಎಲ್ಲಿದ್ದರೂ ಅನ್ನವೇ ಎಂದು ಹೇಳಿದವಳು ತಾನೇ. ತಾಮ್ರದ ತಂಬಿಗೆಯನ್ನು ತೊಡೆಯ ಮೇಲಿಂದ ಎತ್ತಿ ಕುರ್ಚಿಯ ಕೆಳಗಿಟ್ಟಳು. ಕಪ್ಪನ್ನು ಎರಡೂ ಕೈಯಿಂದ ಹಿಡಿದು ಹಣೆಗೆ ಮುಟ್ಟಿಸಿದಳು. ಅದು ಊಟಕ್ಕೆ ಮೊದಲು ಮನೆಯಲ್ಲಿ ಮಾಡುವ ಕ್ರಮ. ಆಮೇಲೆ ಕುಡಿದಳು. ಕಾನ್ವೆಂಟಿನ ಚಹಾ ಸಕ್ಕರೆ ಜಾಸ್ತಿಯಾಗಿ, ಏಲಕ್ಕಿಯಿಲ್ಲದೆ, ಆಕೆಯ ಲೆಕ್ಕದಲ್ಲಿ ಚಹಾ ಅನ್ನಿಸಿಕೊಳ್ಳುವಂಥದ್ದಾಗಿರಲಿಲ್ಲ. ಆದರೂ ಕೊನೆಯ ಗುಟುಕಿನವರೆಗೂ ನಿಧಾನವಾಗಿ, ಮುಖ ಅರಳಿಸಿಕೊಂಡೇ ಕುಡಿದಳು.

ಕುಡಿದು ಮುಗಿಸಿ ಚನ್ನವೀರಮ್ಮ ಖಾಲಿ ಕಪ್ಪನ್ನು ಸಿಸ್ಟರ್ ಮುಂದೆ ಹಿಡಿದಳು.

"ಒಂದೀಟು ನೀರು ಹಾಕ್ರಿ ಸಿಸ್ಟರಮ್ಮ."

ಸಿಸ್ಟರ್ ಎದ್ದು ನಿಂತು, ಹೂಜಿಯನ್ನು ತರಿಸಿ ನೀರು ಹಾಕಿದರು. ಚನ್ನವೀರಮ್ಮ ಕಪ್ಪನ್ನು ಒಮ್ಮೆ ತಿರುವಿ, ಅಂಚನ್ನು ಬೆರಳಿನಿಂದ ಸವರಿ, ಎತ್ತಿ ಕುಡಿದಳು. ಶಾಲೆ ಆರಿಸಿದ್ದಾಯಿತೆಂದು ಇನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಸಿಸ್ಟರ್ ಶೀಲಾ ಕೈ ಮುಗಿದರು. ರಶ್ಮಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ತನ್ನ ಕಪ್ಪನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಮತ್ತೆ ಕಪ್ಪನ್ನು ನೋಡಿದಳು. ಚನ್ನವೀರಮ್ಮ ಅದನ್ನು ಕಂಡರೂ ಕಾಣದವಳಂತೆ ಕೂತಳು.

ಗಂಗೋತ್ರಿ ಮಾತ್ರ ಕುರ್ಚಿಯಿಂದ ಇಳಿದು ಬಂದು ಅಜ್ಜಿಯ ಕೈಯ ಕಪ್ಪನ್ನು ವಾಲಿಸಿಕೊಂಡು ಒಳಗೆ ಇಣುಕಿದಳು.

"ಅಜ್ಜಿ, ತಳದಾಗ ಇನ್ನಾ ಸಕ್ರಿ ಐತಿ."

ಚನ್ನವೀರಮ್ಮ ಬಗ್ಗಿ ನೋಡಿದಳು. ಹೌದು, ಇತ್ತು. ಆಕೆ ಕಪ್ಪನ್ನು ಇನ್ನೊಮ್ಮೆ ಸಿಸ್ಟರ್ ಮುಂದೆ ಹಿಡಿದಳು.